ಪ್ಲೇಟಾ, ಫೈಲಾ? ಆಂಬಿಯೆಂಟ್ ಮಿಕ್ಸ್ ಮಾಡೋರಿಗೆ ಮೂರು ವರ್ಷ ಎರಡನ್ನೂ ಬಳಸಿದವನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ನಾನು ಡಿಜೆ ಅಲ್ಲ. ಪಬ್ಬಲ್ಲಿ, ಮದುವೆ ಸಂಗೀತ್‌ನಲ್ಲಿ ಜನಾನ ಕುಣಿಸೋ ಕೆಲಸ ನಂದಲ್ಲ. ರಾತ್ರಿ ಊಟ ಆದ್ಮೇಲೆ ಹನುಮಂತನಗರದ ನಮ್ಮನೆ ಮಹಡಿ ರೂಮಲ್ಲಿ ಬಾಗಿಲು ಹಾಕ್ಕೊಂಡು ಒಂದೆರಡು ಗಂಟೆ ಆಂಬಿಯೆಂಟ್ ಮ್ಯೂಸಿಕ್ ಒಂದರೊಳಗೊಂದು ಕರಗಿಸ್ತಾ ಕೂರ್ತೀನಿ, ಚೆನ್ನಾಗಿ ಬಂದಿದ್ರೆ ರೆಕಾರ್ಡ್ ಮಾಡಿ ನಾಲ್ಕೈದು ಜನಕ್ಕೆ ಕಳಿಸ್ತೀನಿ, ಅಷ್ಟೇ ನನ್ನ ವ್ಯವಹಾರ. ಆಂಬಿಯೆಂಟ್ ಕೇಳದೇ ಇರೋರಿಗೆ ಒಂದು ಮಾತು: ತಾಳ ಇರಲ್ಲ, ಡ್ರಮ್ ಇರಲ್ಲ, ಎಷ್ಟೋ ಸಲ ಹಾಡಿಕೊಳ್ಳೋಕೆ ಅಂತ ಒಂದು ಸಾಲೂ ಸಿಗಲ್ಲ, ಒಂದು ಸ್ವರ ಮೋಡದ ಥರ ನಿಂತಿರುತ್ತೆ, ಇನ್ನೊಂದು ಮೆಲ್ಲಗೆ ಬಂದು ಪಕ್ಕ ನಿಲ್ಲುತ್ತೆ. ಅಮ್ಮ ಮೊದಲ ಸಲ ಕೇಳಿದಾಗ ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದು ಆಮೇಲೆ "ಕಚೇರಿ ಯಾವಾಗ ಶುರುವಾಗುತ್ತೋ?" ಅಂತ ಕೇಳಿದ್ಲು, ಇನ್ನೂ ತಂಬೂರಿ ಶ್ರುತಿ ಮಾಡ್ಕೊಳ್ತಾ ಇದಾರೆ ಅಂದ್ಕೊಂಡಿದ್ಲಂತೆ.

ಸಾಮಾನು ಏನೇನು ಅಂದ್ರೆ, ಆಡಿಯೋ ಟೆಕ್ನಿಕಾ ಎಲ್‌ಪಿ120ಎಕ್ಸ್ ಟರ್ನ್‌ಟೇಬಲ್, ಅಂದ್ರೆ ಪ್ಲೇಟು ತಿರುಗಿಸೋ ಮಷೀನು, ಎರಡು (ಒಂದು ಹೊಸದು, ಒಂದು ಸೆಕೆಂಡ್ ಹ್ಯಾಂಡ್), ಎರಡು ಸೌಂಡನ್ನ ಬೆರೆಸೋ ಒಂದು ಹಳೇ ಮಿಕ್ಸರ್ (ಟರ್ನ್‌ಟೇಬಲ್ ಸಿಗಿಸೋ ಫೋನೋ ಇನ್‌ಪುಟ್ ಇರೋದು), ಅರವತ್ತು ಚಿಲ್ಲರೆ ಪ್ಲೇಟು. ನಮ್ಮನೇಲಿ ವಿನೈಲ್ ಅಂದ್ರೆ ಯಾರಿಗೂ ಅರ್ಥ ಆಗಲ್ಲ, ತಾತನ ಕಾಲದಿಂದ ಅದು ಪ್ಲೇಟೇ. ಒಂದೂವರೆ ವರ್ಷ ಬರೀ ಇದರಲ್ಲೇ ಮಾಡಿ, ಆಮೇಲೆ 30 ಸಾವಿರದ ಆಸುಪಾಸಲ್ಲಿ ಎರಡು ಚಾನೆಲ್‌ನ ಒಂದು ಕಂಟ್ರೋಲರ್ (ಫೈಲುಗಳನ್ನ ಕೈಯಲ್ಲಿ ಬೆರೆಸೋಕೆ ಗುಂಡಿ, ಸ್ಲೈಡರ್ ಇರೋ ಪೆಟ್ಟಿಗೆ) ತಗೊಂಡು ಲ್ಯಾಪ್‌ಟಾಪಿಗೆ ಸಿಗಿಸಿ ಇನ್ನೊಂದೂವರೆ ವರ್ಷ ಫೈಲಲ್ಲಿ ಮಾಡಿದೀನಿ. ಟೆಕ್ನಿಕ್ಸ್ ಎಸ್‌ಎಲ್-1200 ಯಾಕೆ ತಗೊಳ್ಳಲಿಲ್ಲ ಅಂತ ಕೇಳೋರು ಇದ್ದೇ ಇರ್ತಾರೆ. 1972ರಲ್ಲಿ ಬಂದ ಮಷೀನು, 2010ರಲ್ಲಿ ನಿಲ್ಲಿಸಿ ಮತ್ತೆ 2016ರಲ್ಲಿ ಶುರು ಮಾಡಿದ್ರು, ಕೈ ಇಟ್ಟು ನೋಡಿದ್ರೆ ಆಸೆ ಆಗೋದು ನಿಜ, ಆದ್ರೆ ನಾನು ವಿಚಾರಿಸಿದಾಗ ಒಂದಕ್ಕೇ ಲಕ್ಷದ ಮೇಲೆ, ನಮಗೆ ಬೇಕಾಗಿರೋದು ಎರಡು. ಅಲ್ಲದೆ ಅದರ ಮೋಟಾರಿನ ಬಲ ಇರೋದು ಪ್ಲೇಟನ್ನ ಹಿಂದೆ ಮುಂದೆ ಎಳೆದಾಡೋರಿಗೆ, ನಾವು ಒಂದು ಸಲ ಸೂಜಿ ಇಟ್ರೆ ಇಪ್ಪತ್ತು ನಿಮಿಷ ಮುಟ್ಟೋದೇ ಇಲ್ಲ.

ದುಡ್ಡಿನ ಲೆಕ್ಕ ಇಲ್ಲೇ ಮುಗಿಸಿಬಿಡ್ತೀನಿ. ಹೊರಗಡೆಯಿಂದ ತರಿಸೋ ಹೊಸ ಆಂಬಿಯೆಂಟ್ ಎಲ್‌ಪಿ ಒಂದಕ್ಕೆ ನಂಗೆ ಎರಡೂವರೆ ಸಾವಿರಕ್ಕಿಂತ ಕಡಿಮೆ ಬಿದ್ದಿದ್ದೇ ಇಲ್ಲ, ಕೊರಿಯರ್ರು ಕಸ್ಟಮ್ಸು ಸೇರಿದ್ರೆ ನಾಲ್ಕು ದಾಟಿದ್ದೂ ಇದೆ, ಅದರಲ್ಲೂ ಒಂದು ಬಿಸಿಲಿಗೆ ಹಪ್ಪಳದ ಥರ ಸೊಟ್ಟಗಾಗಿ ಬಂತು, ವಾಪಸ್ ತಗೊಳ್ಳಲ್ಲ ಅಂದ್ರು, ಈಗ ಗೋಡೆ ಮೇಲಿದೆ. ಅದೇ ಆಲ್ಬಮ್ ಬ್ಯಾಂಡ್‌ಕ್ಯಾಂಪ್ ಅನ್ನೋ ಮ್ಯೂಸಿಕ್ ಮಾರೋ ಸೈಟಲ್ಲಿ ಫ್ಲ್ಯಾಕ್ ಫೈಲಾಗಿ (ಕ್ವಾಲಿಟಿ ಚೂರೂ ಕಳೀದೆ ಕುಗ್ಗಿಸಿದ್ದು) ಆರೇಳು ನೂರಕ್ಕೆ ಸಿಗುತ್ತೆ. ಮುಗೀತು. ದುಡ್ಡು ನೋಡಿ ಆರಿಸೋದಾದ್ರೆ ಮುಂದಕ್ಕೆ ಓದೋದೇ ಬೇಡ, ಫೈಲ್ ತಗೊಳ್ಳಿ.

ಈಗ ಸೌಂಡ್ ವಿಷಯ. ಪ್ಲೇಟಿನ ಸೌಂಡು ಬೆಚ್ಚಗಿರುತ್ತೆ, ಫೈಲು ತಣ್ಣಗಿರುತ್ತೆ ಅನ್ನೋ ಮಾತು ನಾನೂ ನಂಬಿದ್ದೆ, ಆದ್ರೆ ಈಗ ಬರೋ ಹೊಸ ಪ್ಲೇಟುಗಳಲ್ಲಿ ಬಹಳಷ್ಟು ಡಿಜಿಟಲ್ ಮಾಸ್ಟರ್‌ನಿಂದಲೇ, ಅಂದ್ರೆ ಡಿಜಿಟಲ್ ಮೂಲ ಪ್ರತಿಯಿಂದಲೇ, ಕೆತ್ತಿರೋವು. ಅದಿರಲಿ, ಆಂಬಿಯೆಂಟಿಗೆ ಅಸಲಿ ತೊಂದರೆ ಬೇರೆ, ಅದು ಮೌನ. ರಾಕ್ ಪ್ಲೇಟಲ್ಲಿ ಧೂಳಿನ ಚಟಪಟ ಡ್ರಮ್ಮಿನ ಕೆಳಗೆ ಮುಚ್ಚಿಹೋಗುತ್ತೆ, ಇಲ್ಲಿ ಮುಚ್ಚೋಕೆ ಏನೂ ಇಲ್ಲ. ಸಿಡಿ ಲೆವೆಲ್ಲಿನ 16 ಬಿಟ್ ಫೈಲಲ್ಲಿ ಅತಿ ಜೋರು ಅತಿ ಮೆತ್ತಗಿನ ಮಧ್ಯೆ ಸುಮಾರು 96 ಡೆಸಿಬೆಲ್ ಜಾಗ ಇರುತ್ತೆ, ಒಳ್ಳೇ ಪ್ಲೇಟಲ್ಲಿ 60-70 ಸಿಕ್ರೆ ಪುಣ್ಯ. ಅದರ ಮೇಲೆ ಆಂಬಿಯೆಂಟ್ ಪೀಸುಗಳು ಉದ್ದ, ಸೈಡಿಗೆ ಜಾಸ್ತಿ ನಿಮಿಷ ತುಂಬಿದಷ್ಟೂ ಗೆರೆಗಳು ಹತ್ರ ಹತ್ರ ಬರ್ಬೇಕು, ಹತ್ರ ಬರ್ಬೇಕು ಅಂದ್ರೆ ಲೆವೆಲ್ ಕಮ್ಮಿ ಮಾಡಿ ಕೆತ್ತಬೇಕು, ಲೆವೆಲ್ ಕಮ್ಮಿ ಅಂತ ನಾವು ಮಿಕ್ಸರಲ್ಲಿ ಸೌಂಡ್ ಏರಿಸೋ ಗೇನ್ ಗುಂಡಿ ತಿರುಗಿಸ್ತೀವಿ, ಆವಾಗ ಸಂಗೀತದ ಜತೆ ಧೂಳೂ ಎದ್ದು ಬಂದು ಮುಂದಿನ ಸೀಟಲ್ಲಿ ಕೂತ್ಕೊಳ್ಳುತ್ತೆ. ಬೆಂಗಳೂರಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಒಣಹವೆಗೆ ಪ್ಲೇಟು ಕವರಿಂದ ತೆಗೆದ್ರೆ ಸಾಕು ಚಟ್ ಚಟ್ ಅಂತ ಸ್ಟ್ಯಾಟಿಕ್ಕು, ಕಾರ್ಬನ್ ಬ್ರಷ್ ಹಾಕಿ ಒರೆಸಿದ್ರೆ ಇನ್ನೊಂದಷ್ಟು.

ಗೀರು ಬಿದ್ದಿದ್ರೆ ಅದಕ್ಕೊಂದು ಬೇರೆ ಮಜಾ ಇದೆ. ಎಲ್‌ಪಿ ತಿರುಗೋದು 33⅓ ಆರ್‌ಪಿಎಂನಲ್ಲಿ, ನಿಮಿಷಕ್ಕೆ 33⅓ ಸುತ್ತು, ಅಂದ್ರೆ ಒಂದು ಸುತ್ತಿಗೆ ಸರಿಯಾಗಿ 1.8 ಸೆಕೆಂಡು. ಗೀರಿನ ಟಿಕ್ ಪ್ರತಿ 1.8 ಸೆಕೆಂಡಿಗೊಂದು ಸಲ ಬರ್ತಾನೇ ಇರುತ್ತೆ, ತಾಳ ಇಲ್ಲದ ಮ್ಯೂಸಿಕ್ಕಿಗೆ ಪುಕ್ಕಟೆ ತಾಳ. ಎರಡೂ ಪ್ಲೇಟಲ್ಲಿ ಗೀರಿದ್ದು ಒಂದರ ಪಿಚ್, ಅಂದ್ರೆ ತಿರುಗೋ ಸ್ಪೀಡು, ಚೂರು ಬದಲಾಯಿಸಿದ್ರೆ ಎರಡು ಟಿಕ್ಕು ಒಂದನ್ನೊಂದು ಹಿಂದೆ ಹಾಕ್ತಾ ಹೋಗ್ತವೆ, ಒಂದು ರಾತ್ರಿ ಅದನ್ನೇ ಹತ್ತು ನಿಮಿಷ ಕೇಳಿದೀನಿ, ಸಂಗೀತ ಮರೆತೇಹೋಗಿತ್ತು. ಆದ್ರೆ ಮಧ್ಯದ ತೂತು ಕೂದಲೆಳೆ ಆಚೆ ಈಚೆ ಆಗಿರೋ ಪ್ಲೇಟು ಮಾತ್ರ ಸಹಿಸೋಕೆ ಆಗಲ್ಲ. ಪ್ರತಿ ಸುತ್ತಿಗೂ ಸ್ವರ ಮೇಲೆ ಕೆಳಗೆ ಓಲಾಡುತ್ತೆ. ಗಿಟಾರ್ ಡ್ರಮ್ ಇದ್ರೆ ಯಾರಿಗೂ ಗೊತ್ತಾಗಲ್ಲ, ಪಿಯಾನೋ ಒಂದು ಮನೆ ಒತ್ತಿ ಎಂಟು ಸೆಕೆಂಡ್ ಬಿಟ್ಟಿದ್ರೆ ಆ ಎಂಟು ಸೆಕೆಂಡಲ್ಲಿ ನಾಲ್ಕು ಸಲ ಕುಡಿದೋನ ಥರ ವಾಲುತ್ತೆ.

ಇದೆಲ್ಲ ಕೇಳಿ ಫೈಲೇ ಗೆದ್ದಿದ್ದು ಅಂದ್ಕೊಂಡ್ರಾ, ನಾನೂ ಹಾಗೇ ಅಂದ್ಕೊಂಡು ಕಂಟ್ರೋಲರ್ ತಗೊಂಡಿದ್ದು. ಮೊದಲ ದಿನಾನೇ ಇನ್ನೂರು ಟ್ರ್ಯಾಕ್ ಹಾಕಿ ಅನಲೈಸ್ ಒತ್ತಿದೆ. ಸಾಫ್ಟ್‌ವೇರು ಒಂದು ಅಲ್ಲಾಡದ ಆರ್ಗನ್ ಪೀಸಿಗೆ 87.43 ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟು ಅನ್ನೋ ಲೆಕ್ಕ) ಅಂತ ಬರ್ಕೊಂಡು ಅದರ ಮೇಲೆ ಗೆರೆ ಗೆರೆ ಗ್ರಿಡ್ ಹಾಕಿ ಕೊಡ್ತು, ಪಾಪ, ಅದಕ್ಕೆ ಡ್ರಮ್ ಬೇಕು, ಇಲ್ಲಿ ಇಲ್ಲ, ಎಲ್ಲೋ ಉಸಿರು ಎಳೆದಿದ್ದನ್ನ ಹಿಡ್ಕೊಂಡು ಲೆಕ್ಕ ಹಾಕಿದೆ. ಸಿಂಕ್ ಬಟನ್ ಒತ್ತಿದ್ರೆ ಇನ್ನೂ ಅನಾಹುತ, ಒಂದು ಸುಳ್ಳು ಬಿಪಿಎಮ್ಮನ್ನ ಇನ್ನೊಂದು ಸುಳ್ಳಿಗೆ ಜೋಡಿಸೋಕೆ ಹೋಗಿ ಟ್ರ್ಯಾಕನ್ನೇ ಎಳೆದುಬಿಡುತ್ತೆ. ಸ್ಕ್ರೀನ್ ಮೇಲೆ ಬರೋ ವೇವ್‌ಫಾರ್ಮ್, ಅಂದ್ರೆ ಸೌಂಡಿನ ಏರಿಳಿತದ ಚಿತ್ರ, ಹೌಸ್ ಟೆಕ್ನೋ ಥರದ ಡ್ಯಾನ್ಸ್ ಮ್ಯೂಸಿಕ್ ಹಾಕೋರಿಗೆ ದಾರಿದೀಪ, ನಮಗೆ ಅದು ನೀಟಾಗಿ ಸುತ್ತಿಟ್ಟ ಚಾಪೆ ಥರ ಕಾಣುತ್ತೆ, ಈ ಕಡೆಯಿಂದ ಆ ಕಡೆಗೆ ಒಂದೇ ದಪ್ಪ.

ಟ್ರ್ಯಾಕಿನ ಶ್ರುತಿ ಯಾವುದು ಅಂತ ಸಾಫ್ಟ್‌ವೇರೇ ಪತ್ತೆ ಹಚ್ಚೋ ಕೀ ಡಿಟೆಕ್ಷನ್ನು ಉಪಯೋಗಕ್ಕೆ ಬರುತ್ತೆ ಅಂತ ಆಸೆ ಇತ್ತು, ಯಾಕಂದ್ರೆ ಆಂಬಿಯೆಂಟಲ್ಲಿ ತಾಳ ಕೂಡಿಸೋದಿಲ್ಲ, ಶ್ರುತಿ ಕೂಡಿಸೋದು. ಇದು ನಂಗೆ ಅರ್ಥ ಆಗೋಕೆ ಒಂದು ವರ್ಷ ಹಿಡೀತು, ಅರ್ಥ ಮಾಡ್ಸಿದ್ದು ಅಮ್ಮ. ಅಮ್ಮ ವೀಣೆ ಕಲಿತೋಳು, ಈಗ್ಲೂ ಬೆಳಿಗ್ಗೆ ನಮ್ಮ ಬೆಂಗಳೂರಿನದೇ ರೇಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಹಾಕ್ಕೊಂಡು ಅರ್ಧ ಗಂಟೆ ನುಡಿಸ್ತಾಳೆ. ಒಂದು ದಿನ ನಾನು ಎರಡು ಟ್ರ್ಯಾಕ್ ಸೇರಿಸ್ತಾ ಇದ್ದೆ, ಸ್ಕ್ರೀನ್ ಮೇಲೆ ಎರಡೂ ಒಂದೇ ಕೀ ಅಂತ ಹಸಿರು ಬಣ್ಣದಲ್ಲಿ ತೋರಿಸ್ತಿದೆ, ಅಮ್ಮ ಒಣಗಿದ ಬಟ್ಟೆ ಎತ್ಕೊಂಡು ಹೋಗ್ತಾ ಬಾಗಿಲಲ್ಲೇ ನಿಂತು "ಶ್ರುತಿ ಸೇರ್ತಿಲ್ಲ ಕಣೋ, ಒಂದು ಚೂರು ಇಳಿದಿದೆ" ಅಂದ್ಲು. ಇಲ್ಲಮ್ಮ, ಎರಡೂ ಒಂದೇ ಅಂತ ತೋರಿಸ್ತಿದೆ ಅಂದೆ. "ತೋರ್ಸುತ್ತೆ, ಕೇಳ್ಸುತ್ತಾ?" ಅಂತ ಹೋಗೇಬಿಟ್ಲು. ಹೆಡ್‌ಫೋನ್ ಹಾಕಿ ಕೇಳಿದ್ರೆ ಹೌದು, ಎರಡು ಸ್ವರದ ಮಧ್ಯೆ ಆ ವಾಂವ್ ವಾಂವ್ ಅಲೆ ಬರ್ತಿದೆ. ಆಗಿದ್ದಿಷ್ಟು, ಒಂದು ಟ್ರ್ಯಾಕು ಹಳೇ ಟೇಪಿಂದ ತೆಗೆದದ್ದು, ಟೇಪಿನ ಸ್ಪೀಡು ಚೂರು ಹೆಚ್ಚುಕಮ್ಮಿ ಇದ್ದಿದ್ರಿಂದ ಸ್ವರ ಎರಡು ಮನೆ ಮಧ್ಯೆ ಎಲ್ಲೋ ಕೂತಿತ್ತು, ಸಾಫ್ಟ್‌ವೇರು ಅದನ್ನ ಹತ್ತಿರದ ಮನೆಗೆ ಸೇರಿಸಿ ಹಸಿರು ನಿಶಾನೆ ಕೊಟ್ಟುಬಿಟ್ಟಿದೆ. ಅಲ್ಲದೆ ತಂಬೂರಿ ಥರ ಬರೀ ಷಡ್ಜ ಪಂಚಮ ಹಿಡ್ಕೊಂಡಿರೋ ಡ್ರೋನ್ ಪೀಸಲ್ಲಿ ಗಾಂಧಾರಾನೇ ಇರಲ್ಲ, ಅದು ಮೇಜರೋ ಮೈನರೋ ಅಂತ ಮಷೀನು ಹೇಗೆ ಹೇಳುತ್ತೆ, ಊಹೆ ಹೊಡೆಯುತ್ತೆ.

ಅವತ್ತಿಂದ ಸ್ಪೀಡು ಏರಿಸಿ ಇಳಿಸೋ ಪಿಚ್ ಸ್ಲೈಡರ್ ನಂಗೆ ತಂಬೂರಿ ಬಿರಡೆ ಆಗ್ಬಿಟ್ಟಿದೆ. ಲೆಕ್ಕ ಸುಲಭ: ಸ್ಪೀಡು ಸುಮಾರು 6 ಪರ್ಸೆಂಟ್ ಬದಲಾದ್ರೆ ಒಂದು ಸ್ವರಸ್ಥಾನ ಬದಲಾಗುತ್ತೆ. ಟರ್ನ್‌ಟೇಬಲ್‌ಗಳಲ್ಲಿ ಸಾಮಾನ್ಯವಾಗಿ ಇರೋ 8 ಪರ್ಸೆಂಟಿನ ಸ್ಲೈಡರಲ್ಲಿ ಮೇಲೊಂದು ಕೆಳಗೊಂದು ಸ್ವರಸ್ಥಾನ ಆರಾಮಾಗಿ ಸಿಗುತ್ತೆ, ಎಲ್‌ಪಿ120ಎಕ್ಸ್‌ನಲ್ಲಿ ಬಟನ್ ಒತ್ತಿದ್ರೆ 16 ಪರ್ಸೆಂಟ್‌ವರೆಗೆ ಹೋಗುತ್ತೆ, ಅಂದ್ರೆ ಎರಡು ಸ್ವರಸ್ಥಾನ ದಾಟುತ್ತೆ. ಇನ್ನು ನಿಮಿಷಕ್ಕೆ 45 ಸುತ್ತಿನ ಪ್ಲೇಟನ್ನ 33ರಲ್ಲಿ ಹಾಕಿ ನೋಡಿ, ಇದು ಆಂಬಿಯೆಂಟ್ ಮಾಡೋರ ಹಳೇ ಕಳ್ಳದಾರಿ, ಐದು ಸ್ವರಸ್ಥಾನಕ್ಕಿಂತ ಚೂರು ಜಾಸ್ತಿ ಇಳಿಯುತ್ತೆ, ಸ್ಲೈಡರ್ 1 ಪರ್ಸೆಂಟ್ ಚಿಲ್ಲರೆ ಮೇಲಕ್ಕೆ ತಳ್ಳಿದ್ರೆ ಇದ್ದ ಷಡ್ಜ ಸೀದಾ ಮಂದ್ರ ಪಂಚಮಕ್ಕೆ ಬಂದು ಕೂತ್ಕೊಳ್ಳುತ್ತೆ. ಸಾಧಾರಣ ಡ್ಯಾನ್ಸ್ ಪ್ಲೇಟಿನ ಇಂಟ್ರೋ ಕೂಡ ಹೀಗೆ ಹಾಕಿದ್ರೆ ನೀರೊಳಗಿಂದ ದೇವಸ್ಥಾನದ ಗಂಟೆ ಕೇಳಿದಂಗಿರುತ್ತೆ. ಭಾವ ನ್ಯೂಜೆರ್ಸಿಯಿಂದ ವಾಪಸ್ ಬರುವಾಗ ತಂದಿದ್ದ ಒಂದು ಹಳೇ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ ಇತ್ತು, ಅದರ ಮೋಟಾರು ಕರೆಂಟಿನ ಫ್ರೀಕ್ವೆನ್ಸಿ ನೋಡ್ಕೊಂಡು ತಿರುಗೋ ಜಾತಿದು, ಅಲ್ಲಿ 60 ಹರ್ಟ್ಸ್ ಇಲ್ಲಿ 50, ಟ್ರಾನ್ಸ್‌ಫಾರ್ಮರ್ ಹಾಕಿ 110 ವೋಲ್ಟಿಗೆ ಇಳಿಸಿದ್ರೂ ಸ್ಪೀಡು ಆರರಲ್ಲಿ ಐದು ಭಾಗ ಅಷ್ಟೇ. ಭಾವ ಕೆಟ್ಟೋಗಿದೆ ಅಂತ ಅಟ್ಟಕ್ಕೆ ಹಾಕಿದ್ರು, ನಾನು ಇಳಿಸ್ಕೊಂಡು ಆರು ತಿಂಗಳು ಅದರಲ್ಲೇ ಮಿಕ್ಸ್ ಮಾಡಿದೆ, ಎಲ್ಲ ಪ್ಲೇಟೂ ಮೂರು ಸ್ವರಸ್ಥಾನ ಕೆಳಗೆ, ಎಲ್ಲರೂ ನಿದ್ದೆಗಣ್ಣಲ್ಲಿ ನುಡಿಸ್ತಿದಾರೆ ಅನ್ನೋ ಹಾಗೆ.

ಇದನ್ನೆಲ್ಲ ಫೈಲಲ್ಲೂ ಮಾಡಬಹುದು, ಇನ್ನೂ ಜಾಸ್ತೀನೇ ಮಾಡಬಹುದು, ಆದ್ರೆ ಒಂದು ಬಟನ್ ಆಫ್ ಮಾಡೋದು ಮರೀಬೇಡಿ. ಕೀ ಲಾಕ್ ಅಂತಾನೋ ಮಾಸ್ಟರ್ ಟೆಂಪೋ ಅಂತಾನೋ ಇರುತ್ತೆ. ಸ್ಪೀಡ್ ಬದಲಾದ್ರೂ ಸ್ವರ ಬದಲಾಗದ ಹಾಗೆ ಹಿಡಿಯೋದು ಅದರ ಕೆಲಸ, ಅದಕ್ಕೆ ಸೌಂಡನ್ನ ಚೂರು ಚೂರು ಕತ್ತರಿಸಿ ಒಂದರ ಮೇಲೊಂದು ಹೊದಿಸುತ್ತೆ, ಬೀಟ್ ಇರೋ ಮ್ಯೂಸಿಕ್ಕಲ್ಲಿ ಗೊತ್ತಾಗಲ್ಲ, ಉದ್ದನೆ ಸ್ವರದಲ್ಲಿ ಆ ಹೊಲಿಗೆ ಎಲ್ಲ ಬುಳುಬುಳು ಅಂತ ಕೇಳಿಸುತ್ತೆ. ಆಫ್ ಮಾಡಿದ್ರೆ ಪ್ಲೇಟಿನ ಥರಾನೇ ಸ್ಪೀಡು ಸ್ವರ ಒಟ್ಟಿಗೆ ಇಳಿಯುತ್ತೆ, ನಮಗೆ ಬೇಕಾಗಿದ್ದೇ ಅದು. ಫೈಲ್ ಜಾತಿ ವಿಷಯದಲ್ಲಿ ಜಗಳ ಬೇಡ, 320 ಕೆಬಿಪಿಎಸ್‌ನ ಎಂಪಿ3 (ಈ ನಂಬರ್ ಜಾಸ್ತಿ ಇದ್ದಷ್ಟೂ ಕ್ವಾಲಿಟಿ ಜಾಸ್ತಿ) ಕೇಳೋಕೆ ಸಾಕು, 128ರದ್ದು ಬೇಡವೇ ಬೇಡ, ರಿವರ್ಬ್ ಬಾಲ, ಅಂದ್ರೆ ಸ್ವರದ ಹಿಂದೆ ಉಳಿಯೋ ಗುಂಗು, ಆರಿಹೋಗೋ ಜಾಗದಲ್ಲಿ ಮರಳು ಸುರಿದಂಗೆ ಆಗುತ್ತೆ. ಒಂದಕ್ಕೊಂದು ಅಂಟಿಕೊಂಡು ಹರಿಯೋ ಆಲ್ಬಮ್ ಆದ್ರೆ ಎಂಪಿ3ಯಲ್ಲಿ ಟ್ರ್ಯಾಕ್ ಮಧ್ಯೆ ಸಣ್ಣ ತೂತು ಬರೋ ಸಾಧ್ಯತೆ ಇದೆ, ಫ್ಲ್ಯಾಕಲ್ಲಿ ಆ ತಲೆನೋವಿಲ್ಲ. ನಿಮ್ಮ ಮಿಕ್ಸ್ ರೆಕಾರ್ಡ್ ಮಾಡುವಾಗ ಕುಗ್ಗಿಸದ ವೇವ್ ಫೈಲಲ್ಲೇ ಇಟ್ಕೊಳ್ಳಿ, ಸಿಡಿ ಕ್ವಾಲಿಟೀಲಿ ಒಂದು ಗಂಟೆಗೆ ಸುಮಾರು 635 ಎಂಬಿ, ಈಗಿನ ಕಾಲದಲ್ಲಿ ಅದೇನು ದೊಡ್ಡದಲ್ಲ. ಮತ್ತೆ ಬ್ಯಾಕಪ್. ನನ್ನ ಹಾರ್ಡ್ ಡಿಸ್ಕ್ ಒಂದು ಕೈ ಕೊಟ್ಟು ಎಂಟು ತಿಂಗಳ ಪ್ಲೇಲಿಸ್ಟು ಹೋಯ್ತು. ಪ್ಲೇಟಿಗೆ ಫಂಗಸ್ ಹಿಡೀಬಹುದು, ಗೀರು ಬೀಳಬಹುದು, ಆದ್ರೆ ಅರವತ್ತೂ ಒಂದೇ ರಾತ್ರಿ ಮಾಯ ಆಗಲ್ಲ.

ಪ್ಲೇಟು ಹಾಕೋರು ಮಹಡಿ ಮೇಲಿದ್ರೆ ಇನ್ನೊಂದು ಕೇಳಿಸ್ಕೊಳ್ಳಿ. ಮ್ಯೂಸಿಕ್ಕು ಮೆತ್ತಗೆ, ಗೇನ್ ಜಾಸ್ತಿ, ಸ್ಪೀಕರ್ ಹತ್ತಿರ, ಆಗ ಸ್ಪೀಕರಿನ ನಡುಕ ಟೇಬಲ್ ಹಿಡಿದು ಸೂಜಿಗೆ ಬಂದು ಮತ್ತೆ ಸ್ಪೀಕರಿಗೆ ಹೋಗಿ ಊಂ ಅಂತ ಒಂದು ಗುಂಯ್ ಏಳುತ್ತೆ, ನಾನು ಎರಡು ವಾರ ಅದು ಟ್ರ್ಯಾಕಿನ ಬೇಸ್ ಅಂದ್ಕೊಂಡು ತಲೆದೂಗಿದೀನಿ. ಅಡುಗೆಮನೆ ಕಟ್ಟೆಗೆ ಹಾಕೋ ಕಡಪ ಕಲ್ಲು ಎರಡು ತುಂಡು ತಂದು ಅದರ ಕೆಳಗೆ ಅರ್ಧಕ್ಕೆ ಕೊಯ್ದ ಟೆನಿಸ್ ಬಾಲ್ ನಾಲ್ಕು ನಾಲ್ಕು ಇಟ್ಟು ಅದರ ಮೇಲೆ ಟರ್ನ್‌ಟೇಬಲ್ ಕೂರಿಸಿದೆ, ಅಲ್ಲಿಗೆ ನಿಂತ್ಹೋಯ್ತು. ಇಡೀ ಸೆಟ್ಟಪ್ಪಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಆ ಕಲ್ಲೇ. ಸೂಜಿ ವಿಷಯದಲ್ಲಿ ಅಂಗಡಿಯವರು ಡಿಜೆ ಅಂದ ತಕ್ಷಣ ಗುಂಡು ತುದಿಯ ಭಾರದ ಸೂಜಿ ತೋರಿಸ್ತಾರೆ, ಅದು ಸ್ಕ್ರ್ಯಾಚ್ ಮಾಡೋರಿಗೆ, ನಮಗೆ ಎಲಿಪ್ಟಿಕಲ್ (ಮೊಟ್ಟೆಯಾಕಾರದ) ತುದಿ, ಪ್ಲೇಟಿನ ಮೇಲೆ 2 ಗ್ರಾಂ ಆಸುಪಾಸು ಭಾರ ಸಾಕು, ಒಳಗಿನ ಸಣ್ಣ ಸಣ್ಣ ಗೆರೆ ಚೆನ್ನಾಗಿ ಓದುತ್ತೆ. ಆದ್ರೂ ಸೈಡಿನ ಕೊನೆ ಟ್ರ್ಯಾಕು, ಲೇಬಲ್ ಹತ್ರ ಬಂದಾಗ, ಸ್ವಲ್ಪ ಗೊರಗೊರ ಅನ್ನೋದು ಇದ್ದಿದ್ದೇ.

ಇಷ್ಟೆಲ್ಲ ಬೈದಮೇಲೂ ಪ್ಲೇಟು ಯಾಕೆ ಬಿಡಲಿಲ್ಲ ಅಂದ್ರೆ, ಕಾರಣ ಸೌಂಡಲ್ಲ, ಟೈಮು. ಸೈಡಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ. 1975ರಲ್ಲಿ ಆಂಬಿಯೆಂಟ್ ಸಂಗೀತಗಾರ ಬ್ರಯಾನ್ ಈನೋ ಒಂದಿಡೀ ಸೈಡಿಗೆ ಅರ್ಧ ಗಂಟೆಯ ಒಂದೇ ಪೀಸ್ ತುಂಬಿದ್ರು, ಅದೇ ಹೆಚ್ಚುಕಮ್ಮಿ ಮೇಲಿನ ಮಿತಿ. ಅಂದ್ರೆ ಸೂಜಿ ಇಟ್ಟ ಕ್ಷಣದಿಂದ ಗಡಿಯಾರ ಓಡ್ತಿದೆ, ಹದಿನೈದನೇ ನಿಮಿಷಕ್ಕೆ ಮುಂದಿನ ಪ್ಲೇಟು ಕೈಯಲ್ಲಿರಬೇಕು, ಇರೋದು ಅರವತ್ತೇ, ಅದರಲ್ಲಿ ಶ್ರುತಿ ಕೂಡೋದು ಆರೋ ಏಳೋ. ಆರಿಸ್ತೀನಿ, ಇಡ್ತೀನಿ, ನಾಲ್ಕು ನಿಮಿಷ ಎಳೆದು ಎಳೆದು ಫೇಡ್ ಮಾಡ್ತೀನಿ. ಫೈಲಲ್ಲಿ ನಾಲ್ಕು ಸಾವಿರ ಟ್ರ್ಯಾಕ್ ಇದೆ, ಒಂದರ ತುಣುಕನ್ನ ಲೂಪ್ ಹಾಕಿ, ಮತ್ತೆ ಮತ್ತೆ ಅದೇ ಬರೋ ಹಾಗೆ, ನಿಲ್ಲಿಸಿಬಿಡಬಹುದು, ನಿಲ್ಲಿಸಿ ಹುಡುಕ್ತಾ ಕೂರ್ತೀನಿ, ಇದು ಬೇಡ ಅದು ಅಂತ ಸ್ಕ್ರೋಲ್ ಮಾಡ್ತಾ ಮಾಡ್ತಾ ಕೇಳೋದೇ ನಿಲ್ಲಿಸಿರ್ತೀನಿ. ನನ್ನ ಡಿಜಿಟಲ್ ಮಿಕ್ಸುಗಳಲ್ಲಿ ಎಲ್ಲೆಲ್ಲಿ ಅನವಶ್ಯಕ ಹನ್ನೆರಡು ನಿಮಿಷ ಒಂದೇ ಲೂಪು ತಿರುಗ್ತಿದೆಯೋ ಅಲ್ಲೆಲ್ಲ ನಾನು ಫೋಲ್ಡರ್ ಒಳಗೆ ಕಳೆದುಹೋಗಿದ್ದೆ ಅಂತ ಅರ್ಥ, ಕೇಳಿದೋರು ಅದನ್ನ "ಧ್ಯಾನಸ್ಥ ಭಾಗ" ಅಂತ ಹೊಗಳಿದಾರೆ, ನಾನು ಸುಮ್ನೆ ಒಪ್ಕೊಂಡಿದೀನಿ.

ಕರೆಂಟ್ ಹೋದಾಗ ಏನಾಗುತ್ತೆ ಅಂತಾನೂ ಹೇಳ್ಬೇಕು, ಮಳೆಗಾಲದಲ್ಲಿ ನಮ್ಮ ಏರಿಯಾಲಿ ಇದು ಸಣ್ಣ ವಿಷಯ ಅಲ್ಲ. ಕಂಟ್ರೋಲರ್ರು ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಓಡುತ್ತೆ, ಸ್ಪೀಕರ್ ಆಫ್ ಆದ್ರೂ ಹೆಡ್‌ಫೋನಲ್ಲಿ ಕೇಳ್ತಾ ರೆಕಾರ್ಡಿಂಗ್ ಮುಗಿಸಬಹುದು. ಪ್ಲೇಟು ನಿಂತೇ ಹೋಗುತ್ತೆ, ಎರಡು ಸಲ ಮಿಕ್ಸಿನ ಕೊನೇ ಹತ್ತು ನಿಮಿಷದಲ್ಲಿ ಹೀಗಾಗಿ ಸಿಟ್ಟಲ್ಲಿ ಊಟ ಬಿಟ್ಟಿದೀನಿ.

ಹಾಗಾದ್ರೆ ಯಾವುದು ತಗೋಬೇಕು ಅಂದ್ರೆ, ಶುರು ಮಾಡೋರು ಫೈಲು ಮತ್ತೆ ಒಂದು ಕಂಟ್ರೋಲರ್ ತಗೊಳ್ಳಿ, ಅನುಮಾನವೇ ಬೇಡ, ಸ್ಕ್ರೀನ್ ಮೇಲೆ ಒಂದು ಟವೆಲ್ ಹಾಕಿ ಕಿವೀಲಿ ಮಾಡಿ, ಒಂದು ರಾತ್ರಿಗೆ ಇಪ್ಪತ್ತು ಟ್ರ್ಯಾಕಷ್ಟೇ ಒಂದು ಫೋಲ್ಡರಿಗೆ ಹಾಕಿ ಮಿಕ್ಕಿದ್ದು ಮುಟ್ಟಲ್ಲ ಅಂತ ಕೂತ್ಕೊಳ್ಳಿ. ಎರಡು ಟರ್ನ್‌ಟೇಬಲ್ ಇಟ್ಕೊಂಡು ಬರೀ ಪ್ಲೇಟಲ್ಲೇ ಆಂಬಿಯೆಂಟ್ ಮಾಡ್ತೀನಿ ಅನ್ನೋದು ದುಡ್ಡಿರೋರ ಹಟ ಅಂತ ನನ್ನ ಅಭಿಪ್ರಾಯ, ಒಂದೂವರೆ ವರ್ಷ ಆ ಹಟ ನಾನೂ ಮಾಡಿದೀನಿ. ಒಂದು ಟರ್ನ್‌ಟೇಬಲ್ ಮಾತ್ರ ಇರಲಿ. ಕಂಟ್ರೋಲರಿನ ಔಟ್‌ಪುಟ್ ಮಿಕ್ಸರಿನ ಒಂದು ಲೈನ್ ಚಾನೆಲ್ಲಿಗೆ, ಟರ್ನ್‌ಟೇಬಲ್ಲು ಪಕ್ಕದ ಫೋನೋ ಚಾನೆಲ್ಲಿಗೆ, ಅರ್ಥ್ ವೈರ್ ಮರೀದೆ ಸ್ಕ್ರೂಗೆ ಸಿಗಿಸಿ, ಇಲ್ಲಾಂದ್ರೆ ಸ್ಪೀಕರಲ್ಲಿ ಗುಂಯ್ ಅನ್ನೋ ಸದ್ದು. ಫೈಲಲ್ಲಿ ಡ್ರೋನ್ ಹಿಡ್ಕೊಂಡಿರುತ್ತೆ ತಂಬೂರಿ ಥರ, ಅದರ ಮೇಲೆ ಪ್ಲೇಟು ಬಂದು ಹೋಗುತ್ತೆ, ಸೈಡ್ ಮುಗಿದ್ರೂ ಮೌನ ಬೀಳಲ್ಲ, ಕೈಗೂ ಕೆಲಸ ಇರುತ್ತೆ. ಇದೇನು ನನ್ನ ಸಂಶೋಧನೆ ಅಲ್ಲ, 1989ರಲ್ಲಿ ಲಂಡನ್ನಿನ ಹೆವೆನ್ ಕ್ಲಬ್ಬಿನ ಚಿಲ್‌ಔಟ್ ರೂಮಲ್ಲಿ (ಕುಣಿದು ಸುಸ್ತಾದೋರು ಕೂರೋ ಕೋಣೆ) ಡಿಜೆಗಳಾದ ಅಲೆಕ್ಸ್ ಪ್ಯಾಟರ್ಸನ್ ಮತ್ತೆ ಜಿಮ್ಮಿ ಕಾಟಿ ಕೈಗೆ ಸಿಕ್ಕಿದ ಪ್ಲೇಟು ಟೇಪು ಎಲ್ಲ ಒಂದರ ಮೇಲೊಂದು ಹಾಕ್ತಿದ್ರು, ಇದಾ ಅದಾ ಅಂತ ತಲೆ ಕೆಡಿಸ್ಕೊಳ್ಳಲಿಲ್ಲ.

ಹಾಗಾಗಿ ನನ್ನ ಎರಡನೇ ಟರ್ನ್‌ಟೇಬಲ್ ಈಗ ಮಾರಾಟಕ್ಕಿದೆ, ಆ ಸೆಕೆಂಡ್ ಹ್ಯಾಂಡ್‌ದು, ಸೂಜಿ ಹೋದ ದೀಪಾವಳಿಗೆ ಬದಲಾಯಿಸಿದ್ದು, ಮೇಲಿನ ಡಸ್ಟ್ ಕವರಲ್ಲಿ ಒಂದು ಗೀರಿದೆ, ಪಿಚ್ ಸ್ಲೈಡರ್ ನೀಟಾಗಿದೆ. ಬಂದು ಕೇಳಿ ತಗೊಂಡು ಹೋಗಬಹುದು, ಅಮ್ಮ ಕಾಫಿ ಕೊಡ್ತಾಳೆ, ಶ್ರುತಿ ಸೇರ್ತಿಲ್ಲ ಅಂತಾನೂ ಹೇಳಬಹುದು. ಕಡಪ ಕಲ್ಲು ಮಾತ್ರ ಕೇಳ್ಬೇಡಿ, ಎರಡನೇದು ಅಡುಗೆಮನೇಲಿ ಮಿಕ್ಸಿ ಕೆಳಗೆ ಸೇರ್ಕೊಂಡಾಗಿದೆ.